ಎಳೆದು ಕೂರಿಸಿದ ಟೈರು

ಜಪಾನಿನ ಯೊಕೊಹಾಮಾ ಬಂದರಿನ ದೈಕೊಕು, ಸಮುದ್ರ ತುಂಬಿಸಿ ಮಾಡಿದ ನೆಲ. ಎಕ್ಸ್‌ಪ್ರೆಸ್‌ವೇಯ ಮೇಲ್ಸೇತುವೆಗಳು ಅಲ್ಲಿ ಚಕ್ಕುಲಿಯ ಹಾಗೆ ಸುತ್ತಿಕೊಂಡಿವೆ. ಆ ಸುತ್ತುಗಳ ನಡುವೆ, ಪ್ರಯಾಣಿಕರು ಕಾಲಾಡಿಸಲೆಂದು ಬಿಟ್ಟ ಒಂದು ಪಾರ್ಕಿಂಗ್ ಜಾಗ. ವಾರಾಂತ್ಯದ ರಾತ್ರಿ ಅಲ್ಲಿ ಸೇರುವ ಕಾರುಗಳನ್ನು ನೋಡಲೆಂದೇ ಬೇರೆ ದೇಶಗಳಿಂದ ಜನ ಬರುತ್ತಾರೆ. ಕೆಲವು ಕಾರುಗಳು ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿದಂತಿರುತ್ತವೆ. ಬಗ್ಗಿ ಗಾಲಿ ನೋಡಿದರೆ ಮೊದಲಿಗೆ ಏನೋ ತಪ್ಪಾಗಿದೆ ಅನ್ನಿಸುತ್ತದೆ. ರಿಮ್ಮು ಅಗಲ, ಟೈರು ಸಣ್ಣದು. ರಿಮ್ಮಿನ ಅಂಚು ಹೊರಗೆ ಹೊಳೆಯುತ್ತಿರುತ್ತದೆ. ಟೈರಿನ ಪಕ್ಕೆ ಅಲ್ಲಿಂದ ಓರೆಯಾಗಿ ಒಳಕ್ಕೆ ಏರಿ, ಮಡ್ಗಾರ್ಡಿನ ಅಡಿಗೆ ನುಸುಳಿಕೊಳ್ಳುತ್ತದೆ.

ಇದಕ್ಕೆ ಅಲ್ಲಿನವರ ಮಾತು ‘ಹಿಪ್ಪಾರಿ’, ಎಂದರೆ ಎಳೆತ. ತಗ್ಗಿಸಿದ ಕಾರು ‘ಶಕೋತಾನ್’. ಗಾಲಿಯ ಮುಖವೂ ಮಡ್ಗಾರ್ಡಿನ ಮುಖವೂ ಒಂದೇ ಮಟ್ಟಕ್ಕೆ ಬಂದರೆ ‘ತ್ಸುರಾಇಚಿ’. ಗಾಲಿಯ ತಲೆಯನ್ನು ವಿಪರೀತ ಒಳಕ್ಕೆ ವಾಲಿಸಿದರೆ ‘ಒನಿಕ್ಯಾನ್’. ಒನಿ ಎಂದರೆ ರಾಕ್ಷಸ. ಒಂದೊಂದು ಅಳತೆಗೂ ಹೆಸರಿಟ್ಟಿದ್ದಾರೆ ಎಂದರೆ ಎಷ್ಟು ದಿನ, ಎಷ್ಟು ಜನ ಇದನ್ನು ನೋಡುತ್ತ ನಿಂತಿರಬೇಕು!

ಎಳೆಯುವ ಅಗತ್ಯವಾದರೂ ಯಾಕೆ ಬಂತು? ಕಾರನ್ನು ತಗ್ಗಿಸಿದಾಗ ಮಡ್ಗಾರ್ಡು ಟೈರಿನ ಮೇಲೆ ಇಳಿಯುತ್ತದೆ. ಅಗಲ ರಿಮ್ಮು ಹಾಕಿದರೆ ಟೈರು ಹೊರಕ್ಕೆ ಬಂದು, ಗುಂಡಿಗೆ ಇಳಿದಾಗಲೆಲ್ಲ ತಗಡಿನ ಅಂಚಿಗೆ ಉಜ್ಜುತ್ತದೆ. ಟೈರಿನ ಭುಜ ಒಳಕ್ಕೆ ಸರಿದರೆ ಬೆರಳಿನಷ್ಟು ಜಾಗ ಸಿಗುತ್ತದೆ. ಆ ಬೆರಳಗಲದ ಜಾಗಕ್ಕಾಗಿಯೇ ಇಷ್ಟೂ ಪಾಡು.

ಲೆಕ್ಕ ಹೀಗಿದೆ. 195/45 ಆರ್ 16 ಎಂದರೆ ಟೈರಿನ ಅಗಲ 195 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 45, ರಿಮ್ಮಿನ ವ್ಯಾಸ 16 ಇಂಚು. ಈ ಟೈರಿಗೆ ಒಪ್ಪಿತವಾದ ರಿಮ್ಮಿನ ಅಗಲ 6ರಿಂದ 7.5 ಇಂಚು. ಎಳೆಯುವವರು ಅದನ್ನು 9 ಇಂಚಿನ ರಿಮ್ಮಿಗೆ ಹಾಕುತ್ತಾರೆ. 9 ಇಂಚು ಎಂದರೆ 228.6 ಮಿ.ಮೀ. ಟೈರಿಗಿಂತ ರಿಮ್ಮೇ 33.6 ಮಿ.ಮೀ. ಹೆಚ್ಚು. ನನ್ನ ಕಣ್ಣಿಗೆ ಇದೇ ಟೈರು 8 ಇಂಚಿನ ಮೇಲೆ ಕೂತಾಗ ಚೆಲುವು ಪೂರ್ತಿಯಾಗಿರುತ್ತದೆ. 9 ಇಂಚಿನಲ್ಲಿ ಚೆಲುವಿಗಿಂತ ಆತಂಕವೇ ಮೊದಲು ಕಾಣುತ್ತದೆ.

ಕೂರಿಸುವ ಕೆಲಸವನ್ನು ನೋಡಬೇಕು. ಹಳ್ಳಿಯಲ್ಲಿ ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ಕಂಡವರಿಗೆ ಇದು ತೀರಾ ಹೊಸದಲ್ಲ. ಪಟ್ಟಿಯನ್ನು ಗಾಲಿಗಿಂತ ಒಂದಿಷ್ಟು ಚಿಕ್ಕದಾಗಿಯೇ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಾರೆ. ತಣಿದು ಕುಗ್ಗಿದ ಪಟ್ಟಿ ಅರೆಕಾಲುಗಳನ್ನು ಹಿಡಿದು ಬಿಗಿಯುತ್ತದೆ. ಅಲ್ಲಿ ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ಗಾಳಿ ಮಾಡಬೇಕು.

ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆಯಿದೆ, ಅದೇ ಬೀಡ್. ಎರಡು ಬೀಡುಗಳೂ ರಿಮ್ಮಿನ ಎರಡು ಅಂಚಿಗೆ ಒತ್ತಿ ಕೂತರಷ್ಟೇ ಗಾಳಿ ನಿಲ್ಲುತ್ತದೆ. ಸರಿಯಳತೆಯ ಟೈರಿನಲ್ಲಿ ಅವು ಅಂಚಿನ ಹತ್ತಿರವೇ ಇರುತ್ತವೆ, ಕಂಪ್ರೆಸರಿನ ಗಾಳಿಯೇ ಸಾಕು. ಎಳೆದ ಟೈರಿನಲ್ಲಿ ಕೆಳಗಿನ ಬೀಡ್ ಕೂತರೆ ಮೇಲಿನದು ದೂರ ಉಳಿಯುತ್ತದೆ, ಹೊಡೆದ ಗಾಳಿಯೆಲ್ಲ ಆ ಸಂದಿಯಲ್ಲಿ ಬುಸ್ಸೆಂದು ಹೋಗುತ್ತದೆ. ಅದಕ್ಕೇ ಟೈರನ್ನು ಮೊದಲು ಬಿಸಿಲಿಗಿಟ್ಟು ಮೆತ್ತಗೆ ಮಾಡಿಕೊಳ್ಳುತ್ತಾರೆ. ಬೀಡಿಗೂ ರಿಮ್ಮಿಗೂ ಧಾರಾಳವಾಗಿ ಸೋಪಿನ ಪೇಸ್ಟು ಬಳಿಯುತ್ತಾರೆ. ಗಾಳಿ ತಡೆಯಿಲ್ಲದೆ ಹೋಗಲೆಂದು ವಾಲ್ವಿನ ಪಿನ್ನು ಬಿಚ್ಚುತ್ತಾರೆ. ಆಮೇಲೆ ಒತ್ತಡದ ಗಾಳಿ ತುಂಬಿಟ್ಟ ಉಕ್ಕಿನ ಸಿಲಿಂಡರಿನ ಅಗಲ ಬಾಯಿಯನ್ನು ಸಂದಿಗೆ ಹಿಡಿದು ಒಮ್ಮೆಲೇ ತೆರೆಯುತ್ತಾರೆ. ಆ ಹೊಡೆತಕ್ಕೆ ಬೀಡ್ ನೆಗೆದು ಅಂಚು ಹಿಡಿಯುತ್ತದೆ, ಕೂಡಲೇ ಕಂಪ್ರೆಸರಿನಿಂದ ಗಾಳಿ ತುಂಬುತ್ತಾರೆ. ‘ಟಪ್’ ಎಂದು ಒಂದು ಸದ್ದು, ಸ್ವಲ್ಪ ಹೊತ್ತಿಗೆ ಇನ್ನೊಂದು. ಆ ಎರಡನೆಯ ಸದ್ದು ಕೇಳುವ ತನಕ ಕೆಲಸದವನ ಮುಖ ಬಿಗಿದೇ ಇರುತ್ತದೆ.

ಬೀಡ್ ಕೂರಿಸುವಾಗ 40 ಪಿಎಸ್‌ಐ ಮೀರಬೇಡಿ ಎಂದು ಎಷ್ಟೋ ಟೈರುಗಳ ಪಕ್ಕೆಯ ಮೇಲೇ ಅಚ್ಚಾಗಿರುತ್ತದೆ. ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಪೇಸ್ಟು ಬಳಿದು, ಮೊದಲಿಂದ ಶುರುಮಾಡಬೇಕು. ಒಳಗೆ ಸುಡುವ ಗ್ಯಾಸು ಸಿಂಪಡಿಸಿ ಕಡ್ಡಿ ಗೀರುವ ವಿಡಿಯೊಗಳು ಬೇಕಾದಷ್ಟಿವೆ. ಅದು ಕಸುಬಲ್ಲ. ಹಾಗೆ ಮಾಡಹೋಗಿ ಕೈ, ಕಣ್ಣು ಕಳೆದುಕೊಳ್ಳಬಹುದು.

ಎಳೆದ ಪಕ್ಕೆ ಆ ಕಡೆ ಈ ಕಡೆ ಓಲಾಡುವುದಿಲ್ಲ. ಹಾಗಾಗಿ ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಕಾರು ಮಾತು ಕೇಳುತ್ತದೆ. ಆದರೆ ಕುಶನ್ನಿನ ಕೆಲಸವನ್ನೂ ಆ ಪಕ್ಕೆಯೇ ಮಾಡುತ್ತಿತ್ತು. ಈಗ ಗುಂಡಿಯ ಪೆಟ್ಟು ನೇರ ರಿಮ್ಮಿಗೆ. ರಿಮ್ಮಿನ ಅಂಚಿಗೆ ಟೈರಿನ ಮರೆಯಿಲ್ಲ, ಫುಟ್‌ಪಾತಿನ ಕಲ್ಲು ಸವರಿದರೂ ಗೀರು ಬೀಳುತ್ತದೆ. ಗಾಳಿ ಸ್ವಲ್ಪ ಇಳಿದಾಗ ಜೋರಾಗಿ ತಿರುವು ತೆಗೆದರೆ ಬೀಡ್ ಜಾರಿ ಟೈರು ಒಮ್ಮೆಲೇ ಖಾಲಿಯಾಗಬಹುದು. ಟೈರು ಹೊರಬಲ್ಲ ಭಾರವನ್ನು ಕಂಪನಿ ಹೇಳಿರುವುದು ಒಪ್ಪಿತ ರಿಮ್ಮಿನ ಲೆಕ್ಕದಲ್ಲಿ. 9 ಇಂಚಿಗೆ ಆ ಭರವಸೆ ಇಲ್ಲ.

ಜಪಾನಿನಲ್ಲಿ ಹೊಸ ಕಾರಿಗೆ 3 ವರ್ಷಕ್ಕೆ, ಆಮೇಲೆ 2 ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ತಪಾಸಣೆ. ಕಾರಿನ ಅಡಿಗೂ ನೆಲಕ್ಕೂ 9 ಸೆಂ.ಮೀ. ಅಂತರ ಬೇಕು. ಈ ತಪಾಸಣೆಗೆಂದೇ ಹಳೆಯ ಗಾಲಿಗಳನ್ನು ಜೋಪಾನವಾಗಿ ಎತ್ತಿಟ್ಟುಕೊಂಡವರು ಬಹಳ. ಯುರೋಪಿನಲ್ಲಿ ಈ ಹುಚ್ಚು ಹೆಚ್ಚಾಗಿ ಫೋಕ್ಸ್‌ವ್ಯಾಗನ್ ಕಂಪನಿಯ ಗಾಲ್ಫ್ ಕಾರುಗಳ ಸುತ್ತ ಬೆಳೆಯಿತು. ಆಸ್ಟ್ರಿಯಾದ ವೊರ್ಥರ್‌ಸೀ ಸರೋವರದ ದಡದ ರೈಫ್ನಿಟ್ಸ್‌ನಲ್ಲಿ 1982ರಿಂದ ದಶಕಗಳ ಕಾಲ ಗಾಲ್ಫ್ ಜಿಟಿಐ ಜಾತ್ರೆಯೇ ನಡೆಯಿತು. 1987ರಲ್ಲಿ ಅಲ್ಲಿ ಗ್ರಾನೈಟಿನ ಗಾಲ್ಫ್ ಒಂದನ್ನೂ ನಿಲ್ಲಿಸಿದರು. ಜರ್ಮನಿಯಲ್ಲಿ ಇಂಥ ಟೈರು ಹಾಕಬೇಕಾದರೆ ಆ ಅಗಲದ ರಿಮ್ಮಿಗೆ ಇದು ಆಗುತ್ತದೆ ಎಂಬ ಟೈರು ಕಂಪನಿಯ ಪತ್ರ ಕೇಳುತ್ತಾರೆ, ತಪಾಸಣೆ ಮಾಡಿ ವಾಹನದ ದಾಖಲೆಯಲ್ಲಿ ಬರೆಯುತ್ತಾರೆ. ನನಗೆ ಈ ಕ್ರಮ ಬಹಳ ಹಿಡಿಸುತ್ತದೆ. ಆಸೆಗೆ ಬಾಗಿಲು ಹಾಕಿಲ್ಲ, ಅಳತೆ ಕೇಳಿದ್ದಾರೆ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬೆಂಗಳೂರಿನ ಹುಡುಗರಿಗೆ ಕಾಯ್ದೆಗಿಂತ ಮೊದಲು ಎದುರಾಗುವುದು ರೋಡ್ ಹಂಪು. ತಗ್ಗಿಸಿದ ಕಾರನ್ನು ಅದರ ಮೇಲೆ ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸುತ್ತಾರೆ.

ಒಳ್ಳೆಯ ಕೆಲಸಗಾರ ಎರಡನೆಯ ‘ಟಪ್’ ಆದ ಮೇಲೂ ಗಾಲಿಯನ್ನು ಕೊಟ್ಟು ಕಳಿಸುವುದಿಲ್ಲ. ಬೀಡಿನ ಪಕ್ಕದಲ್ಲಿ ಟೈರಿನ ಮೇಲೆ ಒಂದು ಸಣ್ಣ ಗೆರೆ ಸುತ್ತಲೂ ಇರುತ್ತದೆ. ರಿಮ್ಮಿನಿಂದ ಅದು ಎಲ್ಲೆಡೆ ಸಮದೂರದಲ್ಲಿದೆಯೇ ಎಂದು ಬೆರಳು ಹಾಯಿಸಿ ನೋಡುತ್ತಾನೆ. ಸೋಪಿನ ನೀರು ಹೊಯ್ದು ಗುಳ್ಳೆ ಏಳುತ್ತದೆಯೇ ಎಂದು ಕಾಯುತ್ತಾನೆ. ರಾತ್ರಿಯೆಲ್ಲ ಗೋಡೆಗೆ ಒರಗಿಸಿಟ್ಟು, ಬೆಳಿಗ್ಗೆ ಬಂದವನೇ ಗಾಳಿ ಅಳೆಯುತ್ತಾನೆ.