ಹಿತ್ತಲ ಬಿದಿರು ಮೆಳೆಯ ಆರೈಕೆ



ಅಂಗಳದ ಅಂದಕ್ಕೆಂದು ಹಳದಿ ಬಿದಿರು ನೆಟ್ಟವರು ನಿಮ್ಮಲ್ಲಿ ಕೆಲವರಾದರೂ ಇರುತ್ತೀರಿ. ಬಂಗಾರದ ಬಣ್ಣದ ಗಳ, ಅದರ ಮೇಲೆ ಎಳೆದ ಹಾಗೆ ಹಸಿರು ಗೀಟು. ಕಾಡಿನ ಹೆಬ್ಬಿದಿರಿನಂತೆ ಇದಕ್ಕೆ ಮುಳ್ಳಿಲ್ಲ. ಮಕ್ಕಳು, ಕರುಗಳು ಓಡಾಡುವ ಕಡೆ ಭಯವಿಲ್ಲ. ಆದರೆ ಐದಾರು ವರ್ಷ ಕಳೆಯುವಷ್ಟರಲ್ಲಿ, "ಮೊದಲು ಚೆನ್ನಾಗಿತ್ತು ಸ್ವಾಮಿ, ಈಗ ಗಳ ಸಣ್ಣಗಾಯಿತು, ನಡುವೆಲ್ಲ ಒಣಗಿತು" ಎನ್ನುವ ದೂರು ಬರುತ್ತದೆ. ಬಹಳ ಸಲ ಇದು ಮಣ್ಣಿನ ದೋಷವಲ್ಲ, ಮಚ್ಚಿನ ದೋಷ. ಹೇಗೆ ಅಂತ ನೋಡೋಣ.

ಬಿದಿರು ಮರವಲ್ಲ, ಹುಲ್ಲಿನ ಜಾತಿ. ಈ ವರ್ಷದ ಕಳಲೆ ಹುಟ್ಟುವುದು ಒಂದೆರಡು ವರ್ಷದ ಎಳೆಯ ಗಳಗಳ ಬುಡದ ಗಡ್ಡೆಯಿಂದ, ಅದೂ ಮೆಳೆಯ ಹೊರಮಗ್ಗುಲಿಗೆ. ಹಳೆಯ ಗಳಗಳು ನಡುವೆ ಉಳಿಯುತ್ತವೆ. ನಾವು ಮಾಡುವುದೇನು? ಅವರೆ ಚಪ್ಪರಕ್ಕೆ ಗಳ ಬೇಕಾದಾಗ ಕೈಗೆ ಎಟುಕುವ ಹೊರಗಿನದನ್ನೇ ಕಡಿಯುತ್ತೇವೆ. ಕರೆಯುವ ಹಸುವನ್ನು ಮಾರಿ ಗೊಡ್ಡನ್ನು ಕಟ್ಟಿಕೊಂಡ ಹಾಗಾಯಿತು! ಬೆಳೆಯುವ ಅಂಚು ಹೋಯಿತು, ನಡುವಿನ ಮುದಿ ಗಳ ಒಣಗಿ ನಿಂತಿತು. ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಆ ಒಣ ಮೆಳೆ ಪಕ್ಕದ ಹುಲ್ಲಿನ ಬಣವೆಯನ್ನೂ ಬಿಡುವುದಿಲ್ಲ.

ಆದ್ದರಿಂದ ಕಡಿಯುವ ಕ್ರಮ ತಿಳಿಯಿರಿ. ನೆಟ್ಟ ನಾಲ್ಕನೆಯ ವರ್ಷದಿಂದ, ಮಳೆಗಾಲ ಮುಗಿದ ಮೇಲೆ, ಕಾರ್ತಿಕದಿಂದ ಪುಷ್ಯದ ಒಳಗೆ ಈ ಕೆಲಸ ಮಾಡಿ. ಮೆಳೆಯ ಒಂದು ಮಗ್ಗುಲಲ್ಲಿ ಕುದುರೆ ಲಾಳದ ಬಾಯಿಯಂತೆ ದಾರಿ ಬಿಡಿಸಿಕೊಂಡು ಒಳಗೆ ಹೋಗಿ. ಮೂರು ವರ್ಷ ದಾಟಿದ ಗಳಗಳನ್ನು ಮಾತ್ರ ತೆಗೆಯಿರಿ. ಎಳೆಯ ಗಳಕ್ಕೆ ಹೊಳಪಿರುತ್ತದೆ, ಬುಡದಲ್ಲಿ ಸಿಪ್ಪೆ ಅಂಟಿರುತ್ತದೆ. ಮುದಿ ಗಳ ಮಂಕಾಗಿ, ಬೂದು ಮಚ್ಚೆ ಹಿಡಿದಿರುತ್ತದೆ. ನೆಲದಿಂದ ಅರ್ಧ ಅಡಿ ಮೇಲೆ, ಗೆಣ್ಣಿಗೆ ತಾಗಿದಂತೆ ಕಡಿಯಿರಿ. ಗೆಣ್ಣಿನ ಮೇಲೆ ಬಟ್ಟಲಿನಂತೆ ಉಳಿದರೆ ಅದರಲ್ಲಿ ನೀರು ನಿಂತು ಸೊಳ್ಳೆ ಮೊಟ್ಟೆ ಇಡುತ್ತದೆ. ಕಳಲೆ ಏಳುವ ಮಳೆಗಾಲದಲ್ಲಿ ಮಾತ್ರ ಮೆಳೆಗೆ ಕೈ ಹಾಕಬೇಡಿ.

ಕಡಿದ ಗಳವನ್ನು ಹಾಗೇ ಬಳಸಿದರೆ ಕುಟ್ಟೆ ಹುಳ ಪುಡಿ ಮಾಡುತ್ತದೆ. ಗಳದಲ್ಲಿರುವ ಪಿಷ್ಟವೇ ಅದಕ್ಕೆ ಆಹಾರ. ಮೂರು ನಾಲ್ಕು ವಾರ ಕೆರೆಯಲ್ಲೋ ತೊಟ್ಟಿಯಲ್ಲೋ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿದರೆ ಬಾಳಿಕೆ ಹೆಚ್ಚು.

ಇನ್ನು ಹೊಸದಾಗಿ ನೆಡುವವರಿಗೆ. ಈ ಮೆಳೆ ಮೂವತ್ತು ನಲವತ್ತು ಅಡಿ ಏರುತ್ತದೆ. ಗೋಡೆಯಿಂದ ಹದಿನೈದು ಅಡಿ ದೂರವಿರಲಿ, ಮೇಲೆ ಕರೆಂಟಿನ ತಂತಿ ಇರಬಾರದು. ಜಾಗ ಕಿರಿದಾದರೆ ಬೆರಳು ಗಾತ್ರದ ಗಳ ಬಿಡುವ ಸಣ್ಣ ಜಾತಿಯನ್ನು ನೆಡಿ. ಎರಡಡಿ ಉದ್ದ, ಅಗಲ, ಆಳದ ಗುಂಡಿಗೆ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ ಬೆರೆಸಿ, ಮುಂಗಾರು ಹಿಡಿಯುತ್ತಲೇ ಸಸಿ ಇಡಿ. ಹಳದಿ ಬಿದಿರಿಗೆ ಬೀಜ ಹುಡುಕಬೇಕಿಲ್ಲ. ಒಂದೆರಡು ವರ್ಷದ ಗಳದಿಂದ ಎರಡು ಮೂರು ಗೆಣ್ಣಿನ ತುಂಡು ಮಾಡಿ, ಮಾಘ ಫಾಲ್ಗುಣದಲ್ಲಿ ಪಾತಿಯಲ್ಲಿ ಮಲಗಿಸಿ, ಮೇಲೆ ಮಣ್ಣು ಮುಚ್ಚಿ ತೇವ ಆರದಂತೆ ನೋಡಿಕೊಂಡರೆ ಗೆಣ್ಣಿನಲ್ಲಿ ಬೇರು ಬಿಡುತ್ತದೆ.

ಆರೈಕೆ ಮಾತ್ರ ಊರಿನಿಂದ ಊರಿಗೆ ಬೇರೆ. ತರೀಕೆರೆಯ ಲಿಂಗದಹಳ್ಳಿ, ಲಕ್ಕವಳ್ಳಿ ಮಗ್ಗುಲಿಗೆ ಮಳೆ ಹೆಚ್ಚು. ಬೇಸಗೆ ನೀರು ಅಷ್ಟಾಗಿ ಕೇಳುವುದಿಲ್ಲ. ಕಡೂರಿನ ಬಯಲಿಗೆ ಹಾಗಲ್ಲ. ಮುಂಗಾರಿನ ಮೋಡವನ್ನು ಬಾಬಾಬುಡನ್‌ಗಿರಿ ಸಾಲು ತಡೆದುಬಿಡುತ್ತದೆ, ಇತ್ತ ಬರುವುದು ಉಳಿದ ಹನಿ. ಅಲ್ಲಿ ಮೊದಲ ಎರಡು ಬೇಸಗೆ ನಾಲ್ಕೈದು ದಿನಕ್ಕೊಮ್ಮೆ ನೀರು ಕೊಡಲೇಬೇಕು. ಬಚ್ಚಲ ನೀರು ತಿರುಗಿಸಿದರೂ ಆದೀತು. ಅಜ್ಜಂಪುರದ ಎರೆ ಭೂಮಿಯಲ್ಲಿ ತೊಂದರೆ ಮಳೆಗಾಲದ್ದು: ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ದಿಬ್ಬ ಮಾಡಿ ನೆಡಿ, ಕಾಲುವೆ ತೆಗೆಯಿರಿ.

ಎಲ್ಲ ಕಡೆಗೂ ಸಲ್ಲುವ ಮಾತೊಂದಿದೆ. ಗಡ್ಡೆ ವರ್ಷ ವರ್ಷ ಮೇಲಕ್ಕೆ ಏಳುತ್ತದೆ. ಮಳೆಗೆ ಮೊದಲು ಬುಡಕ್ಕೆ ಮಣ್ಣು ಏರಿಸಿ ಗೊಬ್ಬರ ಹಾಕಿ. ಉದುರಿದ ಎಲೆ ಗುಡಿಸಿ ಸುಡಬೇಡಿ, ಬುಡಕ್ಕೇ ಹಾಕಿ ಮೇಲೆ ತೆಳ್ಳಗೆ ಮಣ್ಣೆಳೆಯಿರಿ. ತೇವವೂ ಉಳಿಯಿತು, ಬೆಂಕಿಯ ಭಯವೂ ತಪ್ಪಿತು.

ಈ ಸಲ ಮಚ್ಚು ಹಿಡಿದು ಮೆಳೆಯ ಹತ್ತಿರ ಹೋದಾಗ ಇಷ್ಟು ನೆನಪಿರಲಿ: ಹೊರಗಿನ ಎಳೆಯದು ಉಳಿಯಲಿ, ಒಳಗಿನ ಮುದಿಯದು ಹೋಗಲಿ.