ಕೆಜಿಎಫ್ ಒಣಗಿದ್ದು ಮಳೆ ಬಾರದೆ ಅಲ್ಲ

ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಊರಾದ ಕೆಜಿಎಫ್ ಅನ್ನು ಸಿನಿಮಾದಲ್ಲಿ ಕಂಡವರಿಗೆ ಅದೊಂದು ಮರಳುಗಾಡು. ಊರಿಗೇ ಹೋಗಿ ನೋಡಿದರೂ ಮೊದಲಿಗೆ ಹಾಗೇ ಅನ್ನಿಸುತ್ತದೆ. ಎಲ್ಲಿ ನೋಡಿದರೂ ಬೂದುಬಣ್ಣದ ಬೋಳು ಗುಡ್ಡಗಳು. ಗಾಳಿ ಎದ್ದರೆ ಮನೆಯೊಳಗೆಲ್ಲ ನುಣ್ಣನೆಯ ಧೂಳು. ಇವು ಸೈನೈಡ್ ದಿಬ್ಬಗಳು. ಗಣಿಯಿಂದ ಎತ್ತಿದ ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು. ಒಟ್ಟು 13 ದಿಬ್ಬ, ತೂಕ ಮೂರು ಕೋಟಿ ಟನ್ನಿಗೂ ಹೆಚ್ಚು. ಮರುಭೂಮಿ ಎನ್ನಿಸಿಕೊಳ್ಳುವ ಸೀಮೆಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 250 ಮಿ.ಮೀ. ಮಳೆಯೂ ಬೀಳುವುದಿಲ್ಲ, ಕೋಲಾರದ ಕಡೆ 700 ಮಿ.ಮೀ. ಆಸುಪಾಸು ಬೀಳುತ್ತದೆ. ಇದು ಬರದ ನಾಡು ಹೌದು, ಮರುಭೂಮಿಯಲ್ಲ.

ಬರವೇ ಊರನ್ನು ಒಣಗಿಸಿತು ಎನ್ನುವುದಾದರೆ ಸುತ್ತಲಿನ ಹಳ್ಳಿಗಳೂ ಒಣಗಬೇಕಿತ್ತು. ಜೀವನದಿ ಇಲ್ಲದ ಈ ಜಿಲ್ಲೆಯ ರೈತರು ಕೆರೆ ಕಟ್ಟಿ, ಆಮೇಲೆ ಕೊಳವೆಬಾವಿ ಕೊರೆದು, ರೇಷ್ಮೆ, ಹಾಲು, ಟೊಮೆಟೊಗಳಿಂದ ಹೇಗೋ ಬದುಕು ನಡೆಸಿದರು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಿತು. ಚಿನ್ನದ ಊರಿಗೆ ಆ ಇನ್ನೊಂದು ಇರಲೇ ಇಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಬೇಕಾದ್ದೆಲ್ಲ ಹೊರಗಿನಿಂದ ಬಂತು. ಕುಡಿಯುವ ನೀರು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ. ವಿದ್ಯುತ್ತು 1902ರಲ್ಲಿ, ಸುಮಾರು 150 ಕಿ.ಮೀ. ದೂರದ ಶಿವನಸಮುದ್ರದಿಂದ. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಸಿಕ್ಕಿದ್ದು ಮೂರು ವರ್ಷ ತಡವಾಗಿ, 1905ರಲ್ಲಿ! ಕೆಲಸಗಾರರು ಬಹುಪಾಲು ತಮಿಳು ಸೀಮೆಯ ದಲಿತರು. ಗಣಿ ಬಲ್ಲ ಮೇಸ್ತ್ರಿಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನವರೂ ಇದ್ದರು. ಮನೆ, ಆಸ್ಪತ್ರೆ, ನಲ್ಲಿ, ನೆಲ ಎಲ್ಲವೂ ಕಂಪನಿಯದು. ಸಾಹೇಬರಿಗೆ ಬಂಗಲೆ ಮತ್ತು ಕ್ಲಬ್ಬು, ಕೂಲಿಗಳಿಗೆ ಲೈನ್‌ಮನೆಯ ಒಂದೊಂದು ಗೂಡು.

ಹಾಗೆಂದು ಊರಿಗೆ ಸ್ವಂತದ್ದೇನೂ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಆ ಲೈನ್‌ಮನೆಗಳಲ್ಲೇ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೌದ್ಧ ಸಂಘ ಹುಟ್ಟಿತು, ಕಾರ್ಮಿಕ ಚಳವಳಿ ಬೆಳೆಯಿತು. ಕಸುಬೂ ಅಷ್ಟೇ ದೊಡ್ಡದು. ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದು, ಬಂಡೆ ಸಿಡಿಯುವ ಸದ್ದಿಗೆ ಕಿವಿಗೊಟ್ಟು, ಸುಡುವ ಶಾಖದಲ್ಲಿ ಕಲ್ಲು ಕೊರೆದು ಮೇಲೆ ಕಳಿಸುವ ವಿದ್ಯೆ ಪುಸ್ತಕದಿಂದ ಬರುವಂಥದ್ದಲ್ಲ. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದ ವಿಜ್ಞಾನಿಗಳಿಗೆ ನೆಲದಡಿ ಜಾಗ ಒದಗಿಸಿದ್ದೂ ಇದೇ ವಿದ್ಯೆ. ಆದರೆ ಗಣಿಗಾರನ ಕೌಶಲಕ್ಕೆ ಗಿರಾಕಿ ಒಬ್ಬನೇ. ಅವನು ಬಾಗಿಲು ಹಾಕಿದರೆ ಅದನ್ನು ಮಾರಲು ಬೇರೆ ಸಂತೆಯಿಲ್ಲ.

ಚಿನ್ನವೇ ಮುಗಿದ ಮೇಲೆ ಯಾರೇನು ಮಾಡಲಾಗುತ್ತದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ: ಆಳ ಹೆಚ್ಚಿದಷ್ಟೂ ಖರ್ಚು ಏರಿತು, ಅದಿರಿನಲ್ಲಿ ಚಿನ್ನದ ಪಾಲು ಇಳಿಯಿತು. ಆದರೆ ಇದು ರಾತ್ರೋರಾತ್ರಿ ಆದದ್ದಲ್ಲ. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿ ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು. ಗಣಿಯೆಂದಮೇಲೆ ಒಂದು ದಿನ ಬರಿದಾಗಲೇಬೇಕು ಎಂದು ಗೊತ್ತಿದ್ದೂ ನಾಲ್ಕು ದಶಕ ಕಳೆದದ್ದು ಭೂಗರ್ಭದ ತಪ್ಪಲ್ಲ. 1964ರಲ್ಲಿ ಬಿಇಎಂಎಲ್ ಬಂತಲ್ಲ ಎಂಬ ಮಾತೂ ಇದೆ. ಬಂತು, ಅನೇಕ ಮನೆಗಳಲ್ಲಿ ಒಲೆಯನ್ನೂ ಉರಿಸಿತು. ಅದೂ ಸರ್ಕಾರದ ಇನ್ನೊಂದು ದೊಡ್ಡ ಕಾರ್ಖಾನೆಯೇ. ಅಲ್ಲಿ ಕೆಲಸ ಸಿಗದವರಿಗೆ ಊರಿನಲ್ಲಿ ಬೇರೆ ದಾರಿ ಕಾಣಲಿಲ್ಲ.

ಬಂಗಾರಪೇಟೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹಿಂದೆ ಬೌರಿಂಗ್‌ಪೇಟೆ ಎನ್ನಿಸಿಕೊಂಡಿದ್ದ ಇದು ರೈಲು ಜಂಕ್ಷನ್ನು, ರೈತರೂ ವ್ಯಾಪಾರಿಗಳೂ ಸೇರುವ ಪೇಟೆ. ತಿಳಿನೀರಿನಂತೆ ಕಂಡು ನಾಲಿಗೆ ಚುರುಗುಟ್ಟಿಸುವ ಇಲ್ಲಿನ ಪಾನಿಪುರಿ ಇಂದು ಬೆಂಗಳೂರಿನಲ್ಲೂ ಊರಿನ ಹೆಸರಿನಲ್ಲೇ ಮಾರಾಟವಾಗುತ್ತದೆ. ಗಣಿ ನಿಂತಾಗ ಪೇಟೆ ನಿಲ್ಲಲಿಲ್ಲ. ಚಿನ್ನದ ಊರಿನ ಮಕ್ಕಳು ಈಗ ಅದೇ ಜಂಕ್ಷನ್ ದಾಟಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

2024ರಲ್ಲಿ ರಾಜ್ಯ ಸಚಿವ ಸಂಪುಟ ಆ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಕೆಲಸ ಹುಟ್ಟಬಹುದು, ಧೂಳೂ ತಗ್ಗಬಹುದು. ಆದರೆ ದಿಬ್ಬ ಗಣಿಗಿಂತ ಬೇಗ ಕರಗುವ ಗಂಟು. ಯಾರಿಗೆ ಎಷ್ಟು ಗ್ರಾಂ ಎಂಬ ಲೆಕ್ಕಕ್ಕಿಂತ ಮೊದಲು, ಗಣಿಯ ಹೆಸರಿನಲ್ಲಿ ಖಾಲಿ ಬಿದ್ದಿರುವ ನೆಲದಲ್ಲಿ ಬೇರೆ ಬೇರೆ ಕಸುಬುಗಳಿಗೆ ಎಷ್ಟು ಜಾಗ, ಲೈನ್‌ಮನೆಯವರಿಗೆ ಅದರಲ್ಲಿ ಎಷ್ಟು ಹಕ್ಕು ಎಂಬುದು ತೀರ್ಮಾನವಾಗಬೇಕು.