ಸ್ವಂತ ವಾಕ್ಯದಲ್ಲಿ ಬಳಸಿ

'ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ' ಎಂಬ ಪ್ರಶ್ನೆಯನ್ನು ಕನ್ನಡ ಶಾಲೆಯಲ್ಲಿ ಓದಿದವರೆಲ್ಲ ಎದುರಿಸಿದ್ದಾರೆ. ಒಂದೆರಡು ಅಂಕದ ಪ್ರಶ್ನೆಯೆಂದು ಇದನ್ನು ಹಗುರವಾಗಿ ಕಾಣಬಾರದು. ಅರ್ಥವನ್ನು ಬಾಯಿಪಾಠ ಮಾಡಿದವರು ಯಾರು, ಪದ ನಿಜಕ್ಕೂ ಒಲಿದವರು ಯಾರು ಎಂಬುದು ಗೊತ್ತಾಗುವುದು ಇಲ್ಲಿಯೇ.

'ಸೊಗಡು' ಪದವನ್ನೇ ನೋಡಿ. ಸರಳವಾಗಿ ಹೇಳಿದರೆ ಇದರ ಅರ್ಥ ವಾಸನೆ. ಆದರೆ ಅಷ್ಟನ್ನೇ ನಂಬಿ 'ಊದಿನಕಡ್ಡಿಯ ಸೊಗಡು ಕೋಣೆಯನ್ನು ತುಂಬಿತು' ಎಂದು ಬರೆದರೆ ಕನ್ನಡದ ಕಿವಿ ಒಪ್ಪುವುದಿಲ್ಲ. ಊದಿನಕಡ್ಡಿಗೆ ಪರಿಮಳ ಸಲ್ಲುತ್ತದೆ, ಮಲ್ಲಿಗೆಗೆ ಕಂಪು ಸಲ್ಲುತ್ತದೆ. ಸೊಗಡು ಸಲ್ಲುವುದು ಅವರೆಕಾಯಿಗೆ.

ಬೆಂಗಳೂರಿನ ವಿಶ್ವೇಶ್ವರಪುರಂನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಸಜ್ಜನರಾವ್ ವೃತ್ತದ ಬಳಿಯ ತಿಂಡಿ ಬೀದಿಯಲ್ಲಿ ಹೆಸರು ಮಾಡಿದ ಅವರೆಬೇಳೆ ಮೇಳ ಚಳಿಗಾಲದ್ದು. ಹಿತಕಿದ ಬೇಳೆಯ ದೋಸೆ, ಹೋಳಿಗೆ ಅದರ ಆಕರ್ಷಣೆ. ಕಾಯಿ ಸುಲಿದ ಕೈಗೆ ಅಂಟಿಕೊಂಡು, ತೊಳೆದರೂ ಬೇಗ ಬಿಡದ ಘಾಟುವಾಸನೆಯೇ ಸೊಗಡು. ಇಬ್ಬನಿ ಬಿದ್ದಷ್ಟೂ ಅದು ಏರುತ್ತದೆ ಎಂಬುದು ರೈತರ ಮಾತು. ವಸ್ತುವಿಗೆ ಹುಟ್ಟಿನಿಂದಲೇ ಬಂದದ್ದು, ಹೊರಗಿನಿಂದ ಹಚ್ಚಲಾಗದ್ದು ಎಂಬ ಭಾವ ಈ ಪದದಲ್ಲಿದೆ. 'ಮಣ್ಣಿನ ಸೊಗಡು', 'ಗ್ರಾಮೀಣ ಸೊಗಡು' ಎಂಬ ಬಳಕೆಗಳಿಗೂ ಆ ಭಾವವೇ ಆಧಾರ.

ಈಗ ಎರಡು ವಾಕ್ಯಗಳನ್ನು ಹೋಲಿಸೋಣ.

1. ಇದಕ್ಕೆ ಒಳ್ಳೆಯ ಸೊಗಡು ಇದೆ.
2. ಅವರೆಕಾಯಿ ಸುಲಿದು ಗಂಟೆಯಾದರೂ ಅಜ್ಜಿಯ ಬೆರಳುಗಳಿಂದ ಸೊಗಡು ಹೋಗಿರಲಿಲ್ಲ.

ಮೊದಲನೆಯದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ 'ಸೊಗಡು' ತೆಗೆದು ಬಣ್ಣ, ಬೆಲೆ, ರುಚಿ ಎಂದು ಏನನ್ನಿಟ್ಟರೂ ನಡೆಯುತ್ತದೆ. ಎರಡನೆಯದರಲ್ಲಿ ಪದವನ್ನು ಮುಚ್ಚಿದರೂ ಓದುಗ ಅದನ್ನು ಊಹಿಸಬಲ್ಲ. ಒಳ್ಳೆಯ ಉದಾಹರಣೆಯ ಲಕ್ಷಣ ಇದೇ.

ನಿಘಂಟುಕಾರರು ನಡೆದದ್ದೂ ಇದೇ ದಾರಿಯಲ್ಲಿ. ಕಿಟೆಲ್ 1894ರ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಗಾದೆಗಳಿಗೂ ಜಾಗ ಕೊಟ್ಟರು. ವಿಶ್ವೇಶ್ವರಪುರಂಗೆ ಹತ್ತಿರದ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಹೊರತಂದಿತು. ಅದರಲ್ಲಿ ಅರ್ಥದ ಜೊತೆಗೇ ಶಾಸನ, ಕಾವ್ಯಗಳಿಂದ ಆಯ್ದ ಪ್ರಯೋಗಗಳಿವೆ. ಪದ ಯಾವ ಕಾಲದಲ್ಲಿ, ಯಾವ ಪದಗಳ ಜೊತೆಯಲ್ಲಿ ಬಂದಿದೆ ಎಂಬುದೇ ಅರ್ಥಕ್ಕೆ ಸಾಕ್ಷಿ. ಆ ಕೆಲಸದ ಮುಂದಾಳು ಜಿ. ವೆಂಕಟಸುಬ್ಬಯ್ಯ (1913–2021) 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಸಂದೇಹಗಳನ್ನು ವರ್ಷಗಟ್ಟಲೆ ಬಗೆಹರಿಸಿದರು. 2011ರಲ್ಲಿ ನ್ಯಾಷನಲ್ ಕಾಲೇಜು ಮೈದಾನದಲ್ಲಿ ನಡೆದ 77ನೆಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಹೊಸ ಪದ ಕಲಿತಾಗ ಮೂರು ವಾಕ್ಯ ಬರೆಯಿರಿ: ಒಂದು ಮೂಲ ಅರ್ಥದಲ್ಲಿ, ಒಂದು ವಿಸ್ತರಿಸಿದ ಅರ್ಥದಲ್ಲಿ, ಒಂದು ನಿಮ್ಮ ಮನೆಮಾತಿನಲ್ಲಿ. ಬಳಿಕ ಪದವನ್ನು ಮುಚ್ಚಿ ಇನ್ನೊಬ್ಬರಿಗೆ ಓದಲು ಕೊಡಿ. ಅವರು ಅದನ್ನು ಸರಿಯಾಗಿ ಹೇಳಿದರೆ ಆ ಪದ ನಿಮ್ಮದಾಯಿತು.